ಬಾ ಅಂದರೆ ಬೆನ್ನು

ಆ ಊರು ಯಾವ ದಿಕ್ಕಿಗಿದೆ ಅಂತ ನನ್ನನ್ನು ಕೇಳಬೇಡಿ. ಹುಡುಕಿಕೊಂಡು ಹೊರಟವರು ಯಾರೂ ನೆಟ್ಟಗೆ ತಲುಪಿದ್ದಿಲ್ಲ. ದಾರಿ ತೋರಿಸಬೇಕಾದ ಅಲ್ಲಿನ ಜನ ನಿಂತಲ್ಲೇ ನಿಂತು, ‘ಹೀಗೇ ಬನ್ನಿ, ಅತ್ತಿಮರದ ಹತ್ತಿರ ಎಡಕ್ಕೆ ಬನ್ನಿ, ಆಮೇಲೆ ಸೀದಾ ಬನ್ನಿ’ ಅನ್ನುತ್ತಾರೆ. ಕೇಳಿದವನು ಅವರ ಹತ್ತಿರಕ್ಕೇ ಇನ್ನೂ ಎರಡು ಹೆಜ್ಜೆ ಬಂದು ಮಿಕಮಿಕ ನೋಡುತ್ತಾನೆ. ಅವರ ತಪ್ಪೇನೂ ಇಲ್ಲ ಬಿಡಿ. ಆ ಊರಲ್ಲಿ ‘ಹೋಗು’ ಅನ್ನುವ ಮಾತಿಲ್ಲ.

ಇಲ್ಲ ಅಂದರೆ ಇಲ್ಲವೇ ಇಲ್ಲ. ಯಾವುದೋ ಕಾಲದಲ್ಲಿ ಯಾರೋ ಯಾರಿಗೋ ಸಿಟ್ಟಿನಲ್ಲಿ ಆ ಮಾತು ಅಂದರಂತೆ. ಅನ್ನಿಸಿಕೊಂಡವನು ಹೊಳೆ ದಾಟಿದ, ತಿರುಗಿ ಬರಲೇ ಇಲ್ಲವಂತೆ. ಯಾರು, ಯಾರಿಗೆ, ಯಾಕೆ ಅಂತ ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಭಯ ಜಾಸ್ತಿ. ಅವತ್ತೇ ಕಟ್ಟಳೆ ಮಾಡಿದರು: ಈ ಊರಲ್ಲಿ ಎಲ್ಲರೂ ಬರುವವರೇ. ಆ ಮಾತು ಯಾರ ಬಾಯಿಂದ ಬಿತ್ತೋ ಅವರು ಉಟ್ಟ ಬಟ್ಟೆಯಲ್ಲೇ ಹೊಳೆ ದಾಟಬೇಕು.

ಹಾಗಾಗಿ ಬೆಳಗಾದರೆ ಪ್ರತಿ ಮನೆಯ ಹೊಸ್ತಿಲಲ್ಲೂ ಒಂದೇ ಶಾಸ್ತ್ರ. ಕೆಲಸಕ್ಕೆ ಹೊರಡುವವನು ಹೊಸ್ತಿಲು ಮುಟ್ಟಿ, ‘ಬರ್ತೀನಿ, ಬರ್ತೀನಿ, ಬರ್ತೀನಿ’ ಅಂತ ಮೂರು ಸಲ ಹೇಳಿ ಬೆನ್ನು ತಿರುಗಿಸುತ್ತಾನೆ. ಒಳಗಿದ್ದವರು ಆ ಬೆನ್ನಿಗೆ ‘ಬಾ, ಬಾ, ಬಾ’ ಅನ್ನುತ್ತಾರೆ. ನಾವೂ ನೀವೂ ಮನೆಯಿಂದ ಹೊರಡುವಾಗ ಹೀಗೇ ಅನ್ನುತ್ತೇವೆ, ಇಲ್ಲ ಅನ್ನಲ್ಲ. ಆದರೆ ನಮಗೆ ಬೇಕಾದಾಗ ಇನ್ನೊಂದು ಮಾತೂ ಇದೆ, ಅವರಿಗೆ ಇರಲಿಲ್ಲ. ಮಳೆ ನಿಂತರೆ ‘ಮಳೆ ಬಂದು ಬಂತು’ ಅನ್ನುತ್ತಿದ್ದರು. ಸತ್ತವರನ್ನೂ ‘ಬಂದರು’ ಅಂತಲೇ ಅನ್ನುತ್ತಿದ್ದರು. ಯಾರ ಮನೆಯಲ್ಲಾದರೂ ‘ಸೋದರಮಾವ ಬಂದರು’ ಅಂದರೆ ಅಕ್ಕಪಕ್ಕದ ಹೆಂಗಸರು ಮೊದಲು ಸೆರಗು ಬಾಯಿಗಿಟ್ಟುಕೊಂಡು, ಆಮೇಲೆ ಸೋದರಮಾವ ನಡೆದು ಬಂದರೋ ಹೇಗೆ ಅಂತ ವಿಚಾರಿಸುತ್ತಿದ್ದರು.

ಮನುಷ್ಯರು ಹೇಗೋ ಸಂಭಾಳಿಸಿಕೊಂಡರು. ಹಣೆಬರಹ ಕೆಟ್ಟದ್ದು ನಾಯಿಗಳದ್ದು. ಹೊಸ್ತಿಲ ಪಕ್ಕ ಮಲಗಿದ ನಾಯಿ ಹುಟ್ಟಿದಾಗಿನಿಂದ ನೋಡಿದ್ದು ಒಂದೇ. ‘ಬಾ’ ಅನ್ನುತ್ತಾರೆ, ಒಂದು ಬೆನ್ನು ದೂರವಾಗುತ್ತದೆ. ‘ಬಾ’ ಅನ್ನುತ್ತಾರೆ, ಇನ್ನೊಂದು ಬೆನ್ನು ದೂರವಾಗುತ್ತದೆ. ನಾಯಿಗೆ ವ್ಯಾಕರಣ ಯಾರು ಹೇಳಿಕೊಡಬೇಕು? ಬಾ ಅಂದರೆ ಬೆನ್ನು ಅಂತ ಅದು ಕಲಿಯಿತು. ಯಾರಾದರೂ ಅಕ್ಕರೆಯಿಂದ ‘ಬಾ’ ಅಂದರೆ ಬಾಲ ಅಲ್ಲಾಡಿಸಿ, ಅಷ್ಟೇ ಅಕ್ಕರೆಯಿಂದ ಬೆನ್ನು ತಿರುಗಿಸಿ ನಡೆದುಬಿಡುತ್ತಿತ್ತು. ಅದಕ್ಕೇ ಆ ಊರಿನ ನಾಯಿಗಳೆಲ್ಲ ಹಗ್ಗದಲ್ಲೇ ಇದ್ದವು. ಅದೂ ಎರಡು ಮೊಳದ ಗಿಡ್ಡ ಹಗ್ಗದಲ್ಲಿ.

ಇನ್ನು ಡಂಗುರದವನ ವಿಷಯಕ್ಕೆ ಬರೋಣ. ಊರಿನ ಸುದ್ದಿ ಸಾರುವುದು ಅವನ ಕೆಲಸ. ಅಪ್ಪನೂ ಡಂಗುರದವನು, ಅಜ್ಜನೂ ಡಂಗುರದವನು. ಗಂಟಲೆಂದರೆ ಅದು ಗಂಟಲು! ನಾಲ್ಕು ದಾರಿ ಕೂಡುವಲ್ಲಿ ನಿಂತು, ಡಂಗುರಕ್ಕೆ ಮೂರು ಏಟು ಹಾಕಿ, ‘ಕೇಳ್ರಪ್ಪೋ ಕೇಳ್ರಿ’ ಅಂದನೆಂದರೆ ಹೊಳೆಯಾಚೆ ಮೇಯುವ ದನಗಳೂ ತಲೆ ಎತ್ತುತ್ತಿದ್ದವು. ಆ ಗಂಟಲಿನ ಬಗ್ಗೆ ಅವನಿಗೆ ಒಂದಿಷ್ಟು ಜಂಬವೂ ಇತ್ತು. ಇದ್ದರೇನು ತಪ್ಪು?

ಹಿಂದಿನ ವರ್ಷ ಹೊಳೆಗೆ ಹೊಸ ನೀರು ಬರುತ್ತಿದ್ದ ದಿನ ಮಗ್ಗದಕ್ಕನ ನಾಯಿ ಹಗ್ಗ ಕಡಿದುಕೊಂಡು ಹೊಳೆಯ ಮರಳು ದಿಬ್ಬ ಸೇರಿತ್ತು. ಮಗ್ಗದಕ್ಕ ಅಂದರೆ ಊರಿಗೆಲ್ಲ ಸೀರೆ ನೇಯುವವಳು. ಹಿಂದಿಲ್ಲ ಮುಂದಿಲ್ಲ, ಅವಳಿಗೆ ಇದ್ದದ್ದು ಆ ನಾಯಿ, ಅದರ ಒಂದು ಮರಿ. ಅವಳು ಓಡಿಬಂದು, “ಅಪ್ಪಾ, ನಿನ್ನ ಗಂಟಲು ದೊಡ್ಡದು, ಅದನ್ನ ಕೂಗಿ ಕರೆಯಪ್ಪಾ!” ಅಂತ ಡಂಗುರದವನ ಕೈ ಹಿಡಿದುಕೊಂಡಳು. ಅವನು ದಂಡೆಯಲ್ಲಿ ನಿಂತು ಇದ್ದ ಶಕ್ತಿಯೆಲ್ಲ ಒಟ್ಟುಮಾಡಿ ‘ಬಾ!’ ಅಂತ ಕೂಗಿದ. ಕೇಳಿಸಲಿಲ್ಲ ಅಂದಿದ್ದರೆ ಚೆನ್ನಾಗಿತ್ತು. ಕೇಳಿಸಿತು. ನಾಯಿ ಅವನ ಕಡೆ ನೋಡಿತು, ಬಾಲ ಅಲ್ಲಾಡಿಸಿತು, ಬೆನ್ನು ತಿರುಗಿಸಿತು. ಅವನು ಕೂಗಿದಷ್ಟೂ ಅದು ದೂರ ನಡೆಯಿತು. ಏಳನೆಯ ಕೂಗಿಗೆ ನೀರೊಳಗೆ ಕಾಲಿಟ್ಟಿತು.

ಅವತ್ತಿಂದ ಮಗ್ಗದಕ್ಕ ಅವನ ಮುಖ ನೋಡಲಿಲ್ಲ. ತೊಗರಿಬಣ್ಣದ ಆ ಮರಿಯನ್ನು ತೊಗರಿ ಅಂತ ಕರೆದು, ಮಗ್ಗದ ಗೂಟಕ್ಕೇ ಕಟ್ಟಿಕೊಂಡಳು. ಅವನಿಗೂ ಮನೆಯಲ್ಲಿ ಅನ್ನ ಸೇರುತ್ತಿರಲಿಲ್ಲ. ಡಂಗುರ ಬಾರಿಸಿದರೂ ಅದು ಅವನ ಕಿವಿಗೆ ಆ ಏಳು ಕೂಗಿನ ಹಾಗೇ ಕೇಳಿಸುತ್ತಿತ್ತು.

ಹೀಗಿರುವಾಗ ಆ ವರ್ಷ ಇನ್ನೂ ನಾಲ್ಕು ನಾಯಿಗಳು ತಪ್ಪಿಸಿಕೊಂಡವು. ಹಿರಿಯರು ಅರಳೀಕಟ್ಟೆಯ ಮೇಲೆ ಸೇರಿದರು. ‘ಬಾ’ ಅಂದರೆ ಬೆನ್ನು ತೋರಿಸುವ ಪ್ರಾಣಿ ಊರಿಗೇ ಅಪಶಕುನ, ಹೊಸ ನೀರು ಬರುವುದರೊಳಗೆ ನಾಯಿಗಳನ್ನೆಲ್ಲ ದೋಣಿಯಲ್ಲಿ ತುಂಬಿ ಆಚೆ ದಡಕ್ಕೆ ಬಿಟ್ಟುಬಿಡುವುದು ಅಂತ ತೀರ್ಮಾನವಾಯಿತು. ಅದನ್ನು ಸಾರಬೇಕಾದವನು ಯಾರು? ಡಂಗುರದವನೇ.

ಅವನು ನಾಲ್ಕು ದಾರಿ ಕೂಡುವಲ್ಲಿ ನಿಂತ. ಮೂರು ಏಟು ಹಾಕಿದ. ಬಾಯಿ ತೆರೆದ. ಜನ ಕಾದರು. ಅವನು ಬಾಯಿ ಮುಚ್ಚಿದ, ಕೊರಳಿಂದ ಡಂಗುರ ತೆಗೆದ, ಕಟ್ಟೆಯ ಮೇಲೆ ಇಟ್ಟ.

“ಯಜಮಾನ್ರೇ, ಈ ಕೆಲಸ ಇನ್ನು ನನ್ನಿಂದ ಆಗಲ್ಲ.”

ಊರ ಹಿರಿಯ ಹುಬ್ಬು ಗಂಟು ಹಾಕಿದ. “ಮತ್ತೇನು ಮಾಡ್ತೀಯಯ್ಯಾ? ಮೂರು ತಲೆಮಾರಿನಿಂದ ಕೂಗಿಕೊಂಡು ಬಂದವರು ನೀವು.”

“ನಾಯಿಗಳಿಗೆ ಕಲಿಸ್ತೀನಿ. ಕರೆದರೆ ಬರೋದು ಕಲಿಸ್ತೀನಿ. ಅಲ್ಲೀತನಕ ದೋಣಿ ಕಟ್ಟಿಹಾಕಿ.”

ನಗದವರು ಯಾರು? ದೋಣಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಎಲ್ಲರಿಗಿಂತ ಹೆಚ್ಚು ನಕ್ಕವಳು ಡಂಗುರದವನ ಹೆಂಡತಿ. “ಅಯ್ಯೋ ನಮ್ಮಪ್ಪಾ, ನೀವು ಹೇಳಿದ್ದನ್ನ ಮನೇಲಿ ಬೆಕ್ಕು ಕೇಳಲ್ಲ, ಇನ್ನು ನಾಯಿ ಕೇಳುತ್ತಾ!” ಅಂದಳು. ಅಂದವಳೇ ಅವನ ಮುಖ ನೋಡಿ ನಗು ನಿಲ್ಲಿಸಿದಳು. ಮಾರನೆಯ ದಿನದಿಂದ ಕೇಳದೆಯೇ ಎರಡು ರೊಟ್ಟಿ ಹೆಚ್ಚಿಗೆ ಬಡಿಯತೊಡಗಿದಳು.

ಹಿರಿಯ ಒಂದು ಷರತ್ತು ಹಾಕಿದ. ಹೊಸ ನೀರು ಕಾಣಿಸಿದ ದಿನ, ಊರೆಲ್ಲ ನೋಡುವಂತೆ, ಅದೇ ಮರಳು ದಿಬ್ಬದಲ್ಲಿ ಹಗ್ಗ ಬಿಚ್ಚಿದ ನಾಯಿಯನ್ನು ಕರೆದು ತೋರಿಸಬೇಕು. ಬಂದರೆ ಸರಿ. ಬರದಿದ್ದರೆ ಎಲ್ಲ ನಾಯಿಗಳೂ ದೋಣಿಗೆ. “ಮತ್ತೆ ಯಾವುದೋ ನಾಯಿ ಅಲ್ಲ. ತೊಗರಿಯನ್ನ ಕರೆದು ತೋರಿಸು. ತಾಯಿಯನ್ನು ನೀರಿಗಟ್ಟಿದವನು ಮಗಳನ್ನ ದಡಕ್ಕೆ ಕರೀಬೇಕು.”

ಅವನು ಮಗ್ಗದಕ್ಕನ ಮನೆ ಬಾಗಿಲಿಗೆ ಬಂದ. ಅವಳು ಬೆನ್ನು ತಿರುಗಿಸಿ ಲಾಳಿ ಎಸೆಯುತ್ತಿದ್ದಳು. ಅವನು ತೊಗರಿಯ ಎದುರು, ಆದರೆ ಸ್ವಲ್ಪ ಓರೆಯಾಗಿ, ಜಗುಲಿಯಲ್ಲಿ ಕೂತ. ಬಿಸಿಲೇರಿದ ಮೇಲೆ ಎದ್ದ. ಮಾರನೆಯ ದಿನವೂ ಬಂದ, ಕೂತ, ಎದ್ದ. ಏಳು ದಿನ ಹೀಗೇ. ಏಳನೆಯ ದಿನ ತೊಗರಿ ಹಗ್ಗ ಬಿಗಿಯುವ ತನಕ ಮುಂದೆ ಬಂದು ಅವನ ಮೊಣಕಾಲಿಗೆ ಮೂತಿ ಇಟ್ಟಿತು. ಲಾಳಿಯ ಸದ್ದು ನಿಂತಿತು.

“ಇದನ್ನೂ ಕಳೆದುಬಿಟ್ಟರೆ,” ಅಂದಳು ಮಗ್ಗದಕ್ಕ, ತಿರುಗಿ ನೋಡದೆ, “ನಾನು ಬೆಳಗೆದ್ದು ಯಾರ ಮುಖ ನೋಡಲಿ?”

ಅವನು ತೊಗರಿಯ ತಲೆ ಮೇಲೆ ಮೆಲ್ಲಗೆ ಕೈ ಇಟ್ಟ. ಅದಕ್ಕೋ ಏನೋ, ಅವಳು ಮಗ್ಗದ ಮೂಲೆಯಿಂದ ಉಳಿಕೆ ನೂಲು ತೆಗೆದು, ಹೊಸೆದು ಹೊಸೆದು ಇಪ್ಪತ್ತು ಮಾರಿನ ಉದ್ದ ಹಗ್ಗ ಮಾಡಿ ಜಗುಲಿಗೆ ಎಸೆದಳು. “ದಿನಾ ಸಂಜೆಗೆ ಕರಕೊಂಡು ಬಂದು ಬಿಡು,” ಅಂದಳು.

ಊರಾಚೆ ಒಂದು ಪಾಳುಬಿದ್ದ ಇಟ್ಟಿಗೆ ಗೂಡು. ಅಲ್ಲಿ ಅವನ ಪಾಠಶಾಲೆ. ಕಲಿಸುವವನು ಅವನು ಅಂತ ಹೆಸರಿಗೆ. ಮೊದಲ ದಿನ ಹಳೇ ಚಾಳಿಗೆ ಗಂಟಲೆತ್ತಿ ಕೂಗಿದ. ತೊಗರಿ ಹೊಟ್ಟೆ ನೆಲಕ್ಕೊತ್ತಿ ನಡುಗಿತು. ಅವನಿಗೆ ನಾಚಿಕೆಯಾಯಿತು. ಎರಡನೆಯ ದಿನ ಮೆತ್ತಗೆ ಮಾತಾಡಿದ. ಮೂರನೆಯ ದಿನ ಮಾತನ್ನೇ ಬಿಟ್ಟು, ಕುಕ್ಕರಗಾಲಲ್ಲಿ ಕೂತು, ನಾಲಿಗೆಯಲ್ಲಿ ‘ಟಕ್’ ಅನ್ನಿಸಿದ, ಅಂಗೈಯಲ್ಲಿ ರೊಟ್ಟಿ ಚೂರು ಹಿಡಿದ. ತೊಗರಿ ಓಡಿಬಂತು! ಅವನಿಗೆ ಹಿಗ್ಗೋ ಹಿಗ್ಗು. ಹಿಗ್ಗಿನಲ್ಲಿ ಉದ್ದ ಹಗ್ಗ ಸುತ್ತಿ, ಗಿಡ್ಡ ಮಾಡಿ, ತೊಗರಿಯನ್ನು ಗೂಡಿನ ಕಂಬಕ್ಕೆ ಕಟ್ಟಿದ.

ಮಾರನೆಯ ದಿನ ‘ಟಕ್’ ಅಂದರೆ ತೊಗರಿ ಹತ್ತು ಮಾರು ದೂರದಲ್ಲೇ ನಿಂತಿತು. ಅದರ ಮಾರನೆಯ ದಿನ ಇಪ್ಪತ್ತು ಮಾರು. ಬಂದರೆ ಕಟ್ಟುತ್ತಾರೆ ಅಂತ ಗೊತ್ತಾದ ಮೇಲೆ ಯಾರು ತಾನೇ ಬರುತ್ತಾರೆ? ನಾನೂ ಬರಲ್ಲ, ನೀವೂ ಬರಲ್ಲ. ಅವನು ತಲೆ ಮೇಲೆ ಕೈಹೊತ್ತು ಕೂತ. ಮೋಡ ದಿನಕ್ಕಿಷ್ಟು ಕಪ್ಪಾಗುತ್ತಿತ್ತು.

ಕೂತು ಕೂತು ಅವನಿಗೆ ಒಂದು ಹೊಳೆಯಿತು. ಬಂದದ್ದನ್ನು ಮತ್ತೆ ಬಿಡಬೇಕು. ಬಿಟ್ಟರೆ ತಾನೇ ಬರುವುದಕ್ಕೊಂದು ಅರ್ಥ! ಅವನು ತೊಗರಿಯ ಕೊರಳಿಂದ ಹಗ್ಗವನ್ನೇ ಕಳಚಿದ. ತೊಗರಿ ಕದಲಲಿಲ್ಲ. ಕೈ ಬೀಸಿದ, ಅದು ಕೈಯನ್ನು ನೋಡಿತು. ಅವನೇ ನಾಲ್ಕು ಹೆಜ್ಜೆ ಓಡಿ ತೋರಿಸಿದ. ಅದು ಬಂದು ಅವನ ಕಾಲ ಬಳಿ ಕೂತು ಮುಖವನ್ನೇ ನೋಡಿತು. ಹಗ್ಗದಲ್ಲೇ ಕಣ್ಣುಬಿಟ್ಟ ಪ್ರಾಣಿ. ಅದಕ್ಕೆ ಯಾರಾದರೂ ಅಪ್ಪಣೆ ಕೊಡಬೇಕಿತ್ತು. ಆ ಅಪ್ಪಣೆಯ ಮಾತು ಊರಲ್ಲೇ ಇರಲಿಲ್ಲ.

ಅವನು ಸುತ್ತ ನೋಡಿದ. ಯಾರೂ ಇಲ್ಲ. ರೊಟ್ಟಿ ಚೂರೊಂದನ್ನು ದೂರ ಎಸೆದ. ಊರನ್ನೇ ನಡುಗಿಸಿದ ಆ ಗಂಟಲಿನಿಂದ ಗುಬ್ಬಿಯಷ್ಟು ಸಣ್ಣ ದನಿ ಬಂತು.

“ಹೋಗು.”

ಎಳೇ ಹುಣಸೆಕಾಯಿ ಕಚ್ಚಿದ ಹಾಗೆ ಹಲ್ಲು ಚುಳ್ಳೆಂದಿತು. ಆಕಾಶ ಬೀಳಲಿಲ್ಲ. ತೊಗರಿ ಓಡಿತು, ಗೂಡಿನ ಆ ತುದಿಯ ತನಕ ಓಡಿತು, ಜೀವಮಾನದಲ್ಲಿ ಮೊದಲ ಸಲ ಕಾಲು ಚಾಚಿ ಓಡಿತು. ಅವನು ಮಣ್ಣಿಗೆ ಮಂಡಿಯೂರಿ, ತನ್ನ ಮಡಿಲಲ್ಲಿ ರೊಟ್ಟಿ ಇಟ್ಟುಕೊಂಡು, ಮುಖ ತೋರಿಸಿ, “ಬಾ” ಅಂದ. ತೊಗರಿ ತಲೆ ಓರೆ ಮಾಡಿತು. ರೊಟ್ಟಿ ಅಲ್ಲಿದ್ದಾಗ ಒಂದು ಮಾತು, ಇಲ್ಲಿದ್ದಾಗ ಇನ್ನೊಂದು ಮಾತು. ಅದು ಯೋಚಿಸಿತು ಅಂತ ನಾನು ಹೇಳಿದರೆ ನೀವು ನಗಬಾರದು. ಯೋಚಿಸಿತು, ಆಮೇಲೆ ಬಂತು.

ಕಟ್ಟಲಿಲ್ಲ ಅವನು. ಕಿವಿಯ ಹಿಂದೆ ತುರಿಸಿ, ಹೋಗು ಅಂದ. ಬಾ ಅಂದ. ಹೋಗು ಅಂದ. ಬಾ ಅಂದ. ಹಾಗನ್ನುತ್ತಾ ಅನ್ನುತ್ತಾ ನಗತೊಡಗಿದ, ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡ. ಒಂದು ವರ್ಷದಿಂದ ಅವನು ನಕ್ಕಿರಲಿಲ್ಲ.

“ಕೇಳಿಸ್ಕೊಂಡೆ,” ಅಂತ ಹಿಂದಿನಿಂದ ದನಿ ಬಂತು.

ಗೂಡಿನ ಬಾಯಲ್ಲಿ ಮಗ್ಗದಕ್ಕ ನಿಂತಿದ್ದಳು. ಅವನ ಮುಖ ಬಿಳಿಚಿಕೊಂಡಿತು. “ಅಕ್ಕಾ... ಊರಿಗೆ ಹೇಳ್ತೀಯಾ?”

ಅವಳು ತೊಗರಿಯನ್ನು ನೋಡಿದಳು, ಕೆಳಗೆ ಬಿದ್ದಿದ್ದ ಹಗ್ಗವನ್ನು ನೋಡಿದಳು. “ಇನ್ನೊಂದು ಸಲ ಅನ್ನು. ನನ್ನ ಕಿವಿ ನೆಟ್ಟಗಿದೆಯಾ ನೋಡ್ತೀನಿ.”

ಅವನು ಅಂದ. ತೊಗರಿ ಓಡಿತು. ಅವನು ಕರೆದ. ತೊಗರಿ ಬಂತು. ಮಗ್ಗದಕ್ಕ ಊರ ಕಡೆ ನಡೆದಳು. ಊರಲ್ಲಿ ಯಾರಿಗೂ ಏನೂ ಹೇಳಲಿಲ್ಲ.

ಹನ್ನೆರಡು ದಿನ ಕಳೆದ ಮೇಲೆ ಹೊಳೆಯ ಬಣ್ಣ ಕೆಂಪಾಯಿತು. ಹೊಸ ನೀರು! ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ದಂಡೆಯಲ್ಲಿತ್ತು. ಒಂದು ಪಕ್ಕದಲ್ಲಿ ಹಗ್ಗದ ನಾಯಿಗಳು, ಇನ್ನೊಂದು ಪಕ್ಕದಲ್ಲಿ ದೋಣಿ, ನಡುವೆ ಹಿರಿಯ. ಡಂಗುರ ಬಿಟ್ಟವನು ತೊಗರಿಯ ಜೊತೆ ಮರಳು ದಿಬ್ಬಕ್ಕೆ ಇಳಿದ. ಹಗ್ಗ ಬಿಚ್ಚಿದ. ತೊಗರಿ ಅವನ ಮುಖ ನೋಡಿತು.

ಅವನು ಹೆಂಡತಿಯ ಕಡೆ ಒಮ್ಮೆ ನೋಡಿದ. ಮೆತ್ತಗೆ ಅನ್ನಬಹುದಿತ್ತು, ಗಾಳಿಯಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ. ಆದರೆ ಕದ್ದು ಆಡುವ ಮಾತಾದರೆ ಈ ದಂಡೆಯ ಮೇಲಿನ ನಾಯಿಗಳಿಗೆ ನಾಳೆ ಅದನ್ನು ಯಾರು ಆಡುತ್ತಾರೆ? ಎಲ್ಲರಿಗೂ ಕೇಳುವಷ್ಟು, ಒಂದು ಚೂರೂ ಹೆಚ್ಚಿಲ್ಲದಷ್ಟು ದನಿಯಲ್ಲಿ ಅಂದ.

“ಹೋಗು, ತೊಗರಿ.”

ದಂಡೆಯ ಮೇಲೆ ಕೆಲವರು ಕಿವಿ ಮುಚ್ಚಿಕೊಂಡರು. ತೊಗರಿ ಬಾಣದ ಹಾಗೆ ಓಡಿ ದಿಬ್ಬದ ಆ ತುದಿ ಸೇರಿತು. ಅಷ್ಟರಲ್ಲಿ ನೀರಿನ ಮೊದಲ ನಾಲಿಗೆ ಮರಳನ್ನು ಸುತ್ತಿಕೊಂಡು ಬಂತು. ಜನ ಕಟ್ಟಳೆ ಮರೆತರು, ಅವರಿಗೆ ನಾಯಿ ಒಂದೇ ಕಂಡಿತು. ಪಾಪ, ಒಳ್ಳೆಯ ಜನವೇ. ಮುನ್ನೂರು ಬಾಯಿಗಳು ಒಟ್ಟಿಗೆ, ‘ಬಾ! ಬಾ! ಬಾ!’ ಅಂತ ಕೂಗಿದವು. ಕೂಗುತ್ತಾ ಕೂಗುತ್ತಾ ಜನ ನೀರಿಗೆ ಹೆದರಿ ಹಿಂದೆ ಸರಿದರು, ಬೆನ್ನು ತಿರುಗಿಸಿ ದಂಡೆಯ ಮೇಲಕ್ಕೆ ಹತ್ತಿದರು.

ತೊಗರಿ ಆ ಬೆನ್ನುಗಳನ್ನು ನೋಡಿತು. ಅದೂ ಬೆನ್ನು ತಿರುಗಿಸಿತು. ನೀರಿನ ಕಡೆಗೆ ಒಂದು ಹೆಜ್ಜೆ ಇಟ್ಟಿತು.

ಅವನ ಗಂಟಲು ಉಬ್ಬಿತು. ಮುನ್ನೂರು ಬಾಯಿಗಳನ್ನು ಮುಚ್ಚಿಸುವ ಗಂಟಲು ಅದು. ಅವನು ಕೂಗನ್ನು ನುಂಗಿಕೊಂಡ. ಮರಳಿಗೆ ಮಂಡಿಯೂರಿ ಎರಡೂ ಕೈ ಚಾಚಿದ.

“ಸುಮ್ಮನಿರ್ರೋ!” ಅಂತ ಕೂಗಿದವಳು ಮಗ್ಗದಕ್ಕ. “ಬಾಯಿ ಮುಚ್ಚಿ ಈ ಕಡೆ ತಿರುಗ್ರೋ! ನಿಮ್ಮ ಬೆನ್ನು ನೋಡಿ ನೋಡಿಯೇ ಅದಕ್ಕೆ ಈ ಗತಿ ಬಂದಿರೋದು! ಮುಖ ತೋರಿಸ್ರೋ!”

ಒಬ್ಬೊಬ್ಬರೇ ತಿರುಗಿದರು. ದಂಡೆಯುದ್ದಕ್ಕೂ ಮುಖಗಳು, ಸದ್ದಿಲ್ಲ. ಆ ಸದ್ದಿಲ್ಲದ ಹೊತ್ತಿನಲ್ಲಿ ಅವನು ಇಟ್ಟಿಗೆ ಗೂಡಿನಲ್ಲಿ ಅಂದಷ್ಟೇ ಮೆತ್ತಗೆ ಅಂದ.

“ಬಾ.”

ತೊಗರಿಯ ಒಂದು ಕಿವಿ ಹಿಂದಕ್ಕೆ ತಿರುಗಿತು. ಆಮೇಲೆ ತಲೆ ತಿರುಗಿತು. ಆಮೇಲೆ ಇಡೀ ನಾಯಿಯೇ ತಿರುಗಿ, ನೀರು ಚಿಮ್ಮಿಸುತ್ತಾ ಬಂದು, ಅವನನ್ನು ಮರಳಿಗೆ ಕೆಡವಿ ಮುಖವೆಲ್ಲ ನೆಕ್ಕಿತು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ದೋಣಿಯವನು ಸಿಳ್ಳೆ ಹಾಕಿದ, ಆಮೇಲೆ ಹಿರಿಯನನ್ನು ನೋಡಿ ತುಟಿ ಒಳಗೆಳೆದುಕೊಂಡ.

ಅವನು ದಂಡೆ ಹತ್ತಿ ಬಂದು ಹಿರಿಯನ ಎದುರು ನಿಂತ. ಹಿರಿಯ ಕೋಲು ನೆಲಕ್ಕೆ ಕುಟ್ಟಿದ. “ನಾಯಿ ಬಂತು, ಒಪ್ಪಿದೆ. ನಾಯಿಗಳು ಇಲ್ಲೇ ಇರಲಿ. ಆದರೆ ಆ ಮಾತು ಆಡಿದವನು ಇಲ್ಲಿರೋ ಹಾಗಿಲ್ಲ. ನೀನು ಊರು ಬಿಟ್ಟು... ಹೊಳೆ ದಾಟಿ...” ಹಿರಿಯ ತಡವರಿಸಿದ. ಮುಂದಿನ ಮಾತು ಅವನ ಬಾಯಲ್ಲಿ ಇರಲಿಲ್ಲ, ಇರುವ ಹಾಗೂ ಇರಲಿಲ್ಲ. ಕೊನೆಗೆ ಕಣ್ಣು ಮುಚ್ಚಿಕೊಂಡು, “ಬಾ!” ಅಂದುಬಿಟ್ಟ.

ತೊಗರಿ ಕುಣಿಯುತ್ತಾ ಹಿರಿಯನ ಹತ್ತಿರ ಬಂದು ಕೂತು, ರೊಟ್ಟಿಗಾಗಿ ಅವನ ಮುಖ ನೋಡಿತು.

ಯಾರೋ ಕಿಸಕ್ಕೆಂದರು. ಹಿರಿಯ ಯಾರು ಅಂತ ತಿರುಗಿ ನೋಡುವಷ್ಟರಲ್ಲಿ ದಂಡೆ ಪೂರಾ ನಗುತ್ತಿತ್ತು. ಹಿರಿಯನನ್ನು ಬಿಟ್ಟರೆ ನಗದೆ ನಿಂತವರು ಇಬ್ಬರೇ, ತಲೆ ತಗ್ಗಿಸಿದ್ದ ಅವನು ಒಬ್ಬ, ಮಗ್ಗದಕ್ಕ ಒಬ್ಬಳು. ಅವಳು ಜನರನ್ನು ಸರಿಸಿಕೊಂಡು ಬಂದು ಅವನ ಎದುರಿಗೆ ನಿಂತಳು. ವರ್ಷದ ಮೇಲೆ ಮೊದಲ ಸಲ ಅವನ ಮುಖ ನೋಡಿದಳು. ನಗು ತಾನಾಗಿ ನಿಂತಿತು.

“ನನ್ನ ನಾಯಿ,” ಅಂದಳು. ಮುಂದಿನ ಮಾತು ಅವಳ ಬಾಯಿಗೆ ಹೊಸದು, ತಡಕಾಡಿ ಹಿಡಿದಳು. “ನನ್ನ ನಾಯಿ ಹೋಯ್ತು. ಬಂತು ಬಂತು ಅಂತ ನೀವೆಲ್ಲ ಅಂತಿದ್ರಿ, ನಾನು ದಿನಾ ಬಾಗಿಲು ತೆಗೆದಿಟ್ಟು ಕಾಯ್ತಿದ್ದೆ. ಅದು ಬರಲ್ಲ. ಹೋಯ್ತು ಅದು.”

ಇಷ್ಟು ಹೇಳಿ ಅತ್ತಳು, ಯಾರ ಮುಲಾಜೂ ಇಲ್ಲದೆ ಅತ್ತಳು. ಅವನೂ ಅತ್ತ. “ನನ್ನಿಂದಲೇ ಆಯ್ತಕ್ಕಾ. ನಾನು ಕೂಗಿದ್ದಕ್ಕೇ ಆಯ್ತು,” ಅಂದ.

ಮಗ್ಗದಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. ಆಮೇಲೆ ಅವಳ ಬಾಯಿಂದ ಆ ಊರು ಎಂದೂ ಕೇಳದಿದ್ದ ಎರಡು ಮಾತು ಬಂದವು. ಯಾರೂ ಅವಳಿಗೆ ಕಲಿಸಿರಲಿಲ್ಲ.

“ಹೋಗಲಿ ಬಿಡಪ್ಪ.”

ಹಿರಿಯ ಹೊಳೆ ದಾಟುವ ಮಾತನ್ನು ಮತ್ತೆ ಎತ್ತದೆ, ಕೋಲೂರಿಕೊಂಡು ಮೆಲ್ಲಗೆ ಮರಳ ಮೇಲೆ ಕೂತ. ದಂಡೆಯ ಮೇಲಿದ್ದ ಮುನ್ನೂರು ಜನ ಆ ಎರಡು ಮಾತನ್ನು ಬಾಯೊಳಗೇ ಹೊರಳಿಸಿ ರುಚಿ ನೋಡಿದರು. ಆಮೇಲೆ ಒಬ್ಬೊಬ್ಬರೂ, ಸಿಟ್ಟಿನಲ್ಲಿ ಎಷ್ಟೋ ವರ್ಷದಿಂದ ತಾವು ಮಾತು ಬಿಟ್ಟಿದ್ದವರನ್ನು ಆ ಗುಂಪಿನಲ್ಲಿ ಕಣ್ಣಲ್ಲೇ ಹುಡುಕತೊಡಗಿದರು.